ಬಿದ್ದ ಅರ್ಕಾವತ್ತು

ಮಂಗಳವಾರ ರಾತ್ರಿ ಕಂಪ್ಯೂಟರ್ ತನ್ನಷ್ಟಕ್ಕ ತಾನ ಹೊಸದಾತು.
ಬುಧವಾರ ಮುಂಜಾನೆ ಪರ್ವತವ್ವನ ಮಗಳ ಲಗ್ನಪತ್ರಿಕಿ ತಗದೆ:
ಮುಹೂರ್ತದ ಅರ್ಕಾವತ್ತು ಕಳಚಿ
ಕೆಳಗಿನ ಸಾಲಿನ್ಯಾಗ ಸೋದರಮಾವನ ತಲಿ ಮ್ಯಾಲ ಕುಂತಿತ್ತು.

ದಪ್ಪಕ್ಷರದಾಗ ಅಷ್ಟ. ತೆಳ್ಳಂದರಾಗ ನೆಟ್ಟಗ.
ಸೂರ್ಯ ಸರಿ, ಧರ್ಮ ಸರಿ.
ಕೀರ್ತಿ, ವಾರ್ತೆ, ಮೂರ್ತಿ,
ತಕಾರ ಬಂತಂದ್ರ ಬೀಳೂದು.
ಒಂದು ತಾಸು ಬೀಳೂ ಶಬ್ದ ಹುಡುಕಿ ಪಟ್ಟಿ ಮಾಡಿದೆ,
ಚಾ ಆರಿ ಕೆನಿ ಕಟ್ಟಿತು.

ಈಗ ಯಾರಿಗೆ ಹೇಳೂದು?
ರೊಕ್ಕಾ ಕೊಟ್ಟು ತಂದದ್ದಲ್ಲ,
ಹೋಗಿ ಟೇಬಲ್ ಗುದ್ದಾಕ ಅಂಗಡಿ ಇಲ್ಲ.
ಅಕ್ಷರ ಕೊರದವರು ಒಬ್ಬರು,
ಒತ್ತು ಗುಣಿತ ಜೋಡಸೋ ಕೋಡ್ ಬರದವರು ಮತ್ತೊಬ್ಬರು,
ಪುಟ ಕಟ್ಟೋ ತಂತ್ರಾಂಶದವರು ಯಾವ ದೇಶದವರೋ,
ಎಲ್ಲಾ ತಂದು ಒಂದ ಗಂಟು ಕಟ್ಟಿ
ತಗೋ ತಂಗಿ ಅಂತ ಕೈಗೆ ಕೊಟ್ಟವರು ಬ್ಯಾರೆ.
ಒಬ್ಬರೂ ಗುಳೇದಗುಡ್ಡ ಕಂಡವರಲ್ಲ.

ಕೊರದವರ ಬಾಗಿಲಿಗೆ ಹೋದರ
ಅಕ್ಕಾ, ನಿನ್ನ ಕಡೆ ಇರೂದು ಹಳೇದು,
ನಾವು ಎರಡು ಆವೃತ್ತಿ ಮುಂದ ಬಂದೀವಿ, ಅಂತಾರ.
ಗಂಟಿನವರ ಬಾಗಿಲಿಗೆ ಹೋದರ
ನಾವು ಕಟ್ಟೀವಷ್ಟ, ನೇಯ್ದಿಲ್ಲ, ಅಂತಾರ.
ಹ್ವಾದ ವರ್ಷ ಪ್ರಿಂಟರ್ ಸಲುವಾಗಿ
ಎರಡೂ ಬಾಗಿಲ ನಡುವ ಎಂಟು ತಿಂಗಳು ನಿಂತಿದ್ದೆ.
ಅಷ್ಟರಾಗ ಪ್ರಿಂಟರ ಸತ್ತಿತು.

ಬಿಲ್ ಬುಕ್ ಒಯ್ಯಾಕ ಬಂದ ಹುಚ್ಚೇಶ ಮಾಮಾ.
ಅವನ ಮೈಮ್ಯಾಲ ನೂಲಿನ ಧೂಳು,
ಮಾತಿನ್ಯಾಗ ಮಗ್ಗದ ತಾಳ.
ಖಣದಾಗ ಹೂವು ಮುರದರ ಯಾರನ್ನ ಬೈತಿ ಮಾಮಾ? ಅಂದೆ.

ಮೊದಲ ಯಾರನ್ನೂ ಬೈಯೂದಿಲ್ಲ.
ನೂಲೋ, ಬಣ್ಣೋ, ಕಾರ್ಡೋ, ನನ್ನ ಕಾಲೋ,
ಗೊತ್ತಿಲ್ಲಲ್ಲ.
ಆ ಕಾರ್ಡ ತಗದು ತಮ್ಮನ ಮಗ್ಗಕ್ಕ ಹಚ್ಚತೀನಿ.
ಅಲ್ಲೂ ಹೂವು ಮುರದರ
ಕಾರ್ಡಿಗೆ ತೂತು ಹೊಡದಾಂವನ ಮನಿ ದಾರಿ.
ಅಲ್ಲಿ ಅರಳಿತಂದ್ರ
ಬಾಯಿ ಮುಚಗೊಂಡು ನನ್ನ ಮಗ್ಗದ ಕೆಳಗ ತೂರತೀನಿ.

ಬಾಜೂ ಮನಿ ತಬಸ್ಸುಮಳ ಲ್ಯಾಪ್‌ಟಾಪ್ ತರಿಸಿದೆ.
ಬ್ಯಾರೆ ಗಂಟು. ಅದ ಅಕ್ಷರ, ಅದ ಆವೃತ್ತಿ,
ಚುಕ್ಕಿ ಆದಮ್ಯಾಲಿನ ಅಂಕಿ ಸೈತ ಅದ.
ಮುಹೂರ್ತ ಅಂತ ಒತ್ತಿದೆ.
ಅರ್ಕಾವತ್ತು
ನಿಂತಿತ್ತು, ತನ್ನ ಜಾಗಾದಾಗ, ಏನೂ ಆಗಿಲ್ಲದವರಂಗ.

ಅಂದ್ರ ಕೊರದವರದು ತಪ್ಪಲ್ಲ.
ರಾತ್ರಿ ಹನ್ನೊಂದರ ತನ ಕೆದರಿದೆ.
ಗಂಟು ಕಟ್ಟುವಾಗ ಯಾರೋ ಒಂದು ತ್ಯಾಪಿ ಹಚ್ಚಿದ್ದರು,
ಬ್ಯಾರೆ ಯಾವುದೋ ಲಿಪಿಯ ಬಾಲ ನೆಟ್ಟಗಾಗಲಿ ಅಂತ.
ಒಳ್ಳೇ ಮನಸ್ಸಿಲೇನ ಹಚ್ಚಿದ್ದು.
ಆ ಹೊಲಿಗಿ ಸೂಜಿ ನನ್ನ ತಕಾರಕ್ಕ ಚುಚ್ಚಿತ್ತು.

ಗಂಟಿನವರಿಗೇ ಬರದೆ, ಎಡವತಾ ಎಡವತಾ ಇಂಗ್ಲಿಷಿನ್ಯಾಗ:
ನಾ ಏನ ಮಾಡಿದೆ, ಏನ ಆಗಬೇಕಿತ್ತು, ಏನ ಆತು.
ಬೈಗಳದ ಸಾಲು ಒಂದಿತ್ತು, ಕಳಸೂ ಮೊದಲ ಅಳಿಸಿದೆ.

ಆದರ ಲಗ್ನ ಕೇಳೂದಿಲ್ಲ.
ಮುನ್ನೂರಾ ಐವತ್ತು ಪತ್ರಿಕಿ ಹಂಗ ಛಾಪಿಸಿ
ಸೋದರಮಾವನ ತಲಿ ಮ್ಯಾಲಿಂದ ಬಿಳಿ ಶಾಯಿಲೆ ತಗದು
ಮುಹೂರ್ತಕ್ಕ ಕರೇ ಪೆನ್ನಿಲೆ ಕೊಂಡಿ ಹಾಕಿದೆ,
ಒಂದೊಂದಾಗಿ. ನೂರಾದ ಮ್ಯಾಲ ಕೈ ತಾನ ಕಲೀತು.
ಪರ್ವತವ್ವ ಒಯ್ದಳು. ಅಕ್ಕಿಕಾಳೂ ಬಿದ್ದವು.

ಇಪ್ಪತ್ತೆರಡನೇ ದಿನ ಒಂದು ಉತ್ತರ ಬಂತು.
ಕನ್ನಡ ಬಾರದ ಯಾರೋ, ಬಾಳ ನಮ್ರತೆಯಿಂದ:
ಆ ಕೊಂಡಿ ಅಕ್ಷರದ ಬಲಕ್ಕ ಇರಬೇಕೋ, ಎಡಕ್ಕೋ?
ಎಷ್ಟು ಎತ್ತರಕ್ಕ? ಒಂದು ಚಿತ್ರ ಕಳಸತೀರೇನು?

ಉಳಿದ ಪತ್ರಿಕಿ ಒಂದಿತ್ತು, ಚಾ ಕಲಿ ಬಿದ್ದದ್ದು.
ಕಿಡಕಿ ಬೆಳಕಿಗೆ ಹಿಡಿದು ಫೋಟೋ ತಗದೆ,
ನನ್ನ ಪೆನ್ನಿನ ಕೊಂಡಿ, ತುದಿಗೆ ತುಸು ನಡುಗಿದ್ದು.
ಕೆಳಗ ಬರದೆ:
ಹಿಂಗ ಇರಬೇಕು. ನಡುಗೂದೊಂದು ಬ್ಯಾಡ.